ಕೈಯಲ್ಲಿಟ್ಟುಕೊಂಡ ತಿಂಗಳು

ಮೋರಟಗಿ ಹಳ್ಳಕ್ಕೆ ಸೇತುವೆ ಕಟ್ಟುತ್ತಿದ್ದ ಚಾಂದಸಾಬ ಮೇಸ್ತ್ರಿಗೆ ಒಂದು ಚಟವಿತ್ತು. ಇಪ್ಪತ್ತು ದಿನದ ಕೆಲಸಕ್ಕೆ ಐವತ್ತು ದಿನ ಹೇಳುವುದು! ಸಿಮೆಂಟಿನ ಲಾರಿ ಬಿಜಾಪುರದಿಂದ ಯಾವತ್ತು ಬರುತ್ತದೋ, ಆಳುಗಳು ಯಾರ ಮದುವೆಗೆ ಓಡುತ್ತಾರೋ, ಹಳ್ಳ ಯಾವಾಗ ತುಂಬುತ್ತದೋ, ಯಾರಿಗೆ ಗೊತ್ತು? ಒಂದು ತಿಂಗಳು ಕೈಯಲ್ಲಿಟ್ಟುಕೊಂಡೇ ಮಾತು ಕೊಡುತ್ತಿದ್ದ. ಮೊದಲೇ ಮುಗಿಸಿದಾಗ ಓವರ್ಸಿಯರ್ ಸಾಹೇಬರು ಬೆನ್ನು ತಟ್ಟುತ್ತಿದ್ದರು. ಪುಣ್ಯಾತ್ಮನಿಗೆ ಆ ಹೊಗಳಿಕೆಯ ರುಚಿ ಹತ್ತಿಬಿಟ್ಟಿತ್ತು.

ಈ ಗುಟ್ಟು ಗೊತ್ತಿದ್ದವಳು ಸಾಬೀರಾ ಒಬ್ಬಳೇ. ಅವಳಪ್ಪ ಮಶಾಕಸಾಬ ಸೇತುವೆಗೆ ಗಾಡಿಯಲ್ಲಿ ಕಲ್ಲು ಸಾಗಿಸುತ್ತಿದ್ದ. ಅಪ್ಪನ ಬುತ್ತಿ ತಂದವಳು ಸೆರಗಿನ ಅಂಚು ಹಲ್ಲಲ್ಲಿ ಕಚ್ಚಿ ಮೇಸ್ತ್ರಿಯನ್ನು ಓರೆಗಣ್ಣಲ್ಲಿ ಒಮ್ಮೆ ನೋಡುವಳು. ಅಷ್ಟಕ್ಕೇ ಗಾರೆ ಮೆತ್ತುತ್ತಿದ್ದ ಅವನ ಕೈಯ ಕರಣೆ ನಿಂತುಬಿಡುತ್ತಿತ್ತು.

"ಕೆಲಸ ಎಂದ ಮುಗೀತೈತ್ರಿ ಮೇಸ್ತ್ರಿ? ಸಾಹೇಬರಿಗೆ ಹೇಳೋದು ಬ್ಯಾಡ, ಖರೇದು ಹೇಳ್ರಿ."

"ನಿನಗಷ್ಟ ಖರೇದು. ಇನ್ನ ಇಪ್ಪತ್ತು ದಿನ."

"ನನ್ನ ಮ್ಯಾಲಿನ ಪ್ರೀತಿನೂ ಹಿಂಗ ಹೆಚ್ಚಿಗಿ ಹಚ್ಚಿ ಹೇಳ್ತೀರೇನು?"

"ಅದನ್ನಷ್ಟ ಕಡಿಮಿ ಹೇಳೇನಿ."

ಅವಳು ಮುಖ ತಿರುವಿಕೊಂಡು ನಕ್ಕಳು.

ಅದೇ ಸಂಜೆ ಮಶಾಕಸಾಬ ಅವನನ್ನು ಮನೆಗೆ ಚಹಕ್ಕೆ ಕರೆದ. "ಸಾಬೀರಾನ್ನ ನಿನಗ ಕೊಡಾಕ ನನಗ ಒಪ್ಪಿಗಿ ಐತಿ. ನಿಕಾಹಕ್ಕ ಎಂದ ಬಿಡುವಾಗ್ತೈತಿ, ಹೇಳು."

ಪರದೆಯ ಹಿಂದೆ ಬಳೆ ಸದ್ದಾಯಿತು. ಚಾಂದಸಾಬ ಚಹದ ಬಟ್ಟಲು ಕೆಳಗಿಟ್ಟ. ಮಾವನಾಗುವವನ ಮುಂದೆ ಮಾತು ತಪ್ಪಿದರೆ ಹೇಗೆ? ಬಾಯಿ ಹಳೆಯ ಚಟವನ್ನೇ ಹಿಡಿಯಿತು.

"ಇನ್ನ ಐವತ್ತು ದಿನ ಹಿಡೀರಿ, ಚಾಚಾ."

ಮಶಾಕಸಾಬ ಬೆರಳು ಮಡಚಿ ಎಣಿಸಿದ. ಅಷ್ಟರಲ್ಲಿ ಮೊಹರಂ ಬಂದುಬಿಡುತ್ತದೆ, ಅದರ ಬೆನ್ನಿಗೇ ಸಫರ್. ಆ ಎರಡು ತಿಂಗಳು ಅವರಲ್ಲಿ ಮದುವೆಯಿಲ್ಲ. "ಆತು" ಎಂದಷ್ಟೇ ಹೇಳಿದ. ಹೆಣ್ಣಿನವರು ಎರಡನೇ ಸಲ ಕೇಳಬಾರದು ಎಂಬ ಹಟ ಅವನದು.

ಮರುದಿನ ಸಾಬೀರಾ ನಗಲಿಲ್ಲ.

"ಇಂಡಿ ಊರಿನ ಗಂಡಿನವರು ನನ್ನ ಕೇಳಾಕ ಬಂದಾರ್ರಿ. ಅವರಿಗೆ ಮೊಹರಂಕಿಂತ ಮೊದಲ ಆಗಬೇಕಂತ. ನಾ ಹೇಳಿದ್ರ ಅಪ್ಪ ನಂಬವಲ್ಲ. ನೀವ ಹೋಗಿ ಖರೇ ತಾರೀಖ ಹೇಳ್ರಿ."

"ಹೇಳಿದ ಮ್ಯಾಲೆ ಮಳಿ ಬಂದ್ರ? ಸುಳ್ಳಗಾರ ಆಗ್ಲೇನು? ಮೊದಲ ಮುಗಿಸೇ ಬರ್ತೇನಿ, ನೋಡ್ತಿರು. ನಿಮ್ಮಪ್ಪ ಬೆರಗಾಗಬೇಕು!"

"ನಮಗ ಬೆರಗ ಬ್ಯಾಡ್ರಿ."

ಅವಳ ಕಣ್ಣು ತುಂಬಿತ್ತು. ಊರಿಗೆಲ್ಲ ಶಾಣ್ಯಾ, ಬುದ್ಧಿವಂತ ಅನ್ನಿಸಿಕೊಂಡವನಿಗೆ ಅದು ಕಾಣಲೇ ಇಲ್ಲ.

ಮಳೆ ಬರಲಿಲ್ಲ. ಲಾರಿ ಹೇಳಿದ ಹೊತ್ತಿಗೇ ಬಂತು. ಕಲ್ಲಿನ ಕೆಲಸ ಮೊದಲೇ ತೀರಿ ಮಶಾಕಸಾಬನ ಗಾಡಿಯೂ ಸಾಬೀರಾಳ ಬುತ್ತಿಯೂ ಹಳ್ಳದ ಕಡೆ ಬರುವುದು ನಿಂತಿತ್ತು. ಹತ್ತೊಂಬತ್ತನೇ ದಿನ, ಬುಧವಾರ, ಕೆಲಸ ಮುಗಿಯಿತು. ನೆಟ್ಟಗೆ ಮಶಾಕಸಾಬನ ಮನೆಗೆ ಓಡಬೇಕಿತ್ತೋ ಇಲ್ಲವೋ? ಇನ್ನೂ ಒಂದು ತಿಂಗಳು ಕೈಯಲ್ಲಿದೆಯಲ್ಲ ಎಂದು ಅವಳಿಗೆ ಸೀರೆ ತರಲು ಬಿಜಾಪುರಕ್ಕೆ ಹೋದ. ಅಂಗಡಿ ಅಂಗಡಿ ಅಲೆದು ಹಸಿರು ಸೀರೆಯೊಂದನ್ನು ಆರಿಸಿಕೊಂಡು ಶನಿವಾರ ಬಂದ.

ಮಶಾಕಸಾಬನ ಬಾಗಿಲಿಗೆ ಚಪ್ಪರ ಹಾಕಿತ್ತು. ಹೆಂಗಸರು ಪೆಟ್ಟಿಗೆ ತರಲು ಒಳಗೆ ಹೋಗಿದ್ದರು. ಇಂಡಿಗೆ ಹೊರಟ ಗಾಡಿಯ ಪಕ್ಕದಲ್ಲಿ ಸಾಬೀರಾ ನಿಂತಿದ್ದಳು. ಕೈತುಂಬ ಮದರಂಗಿ.

"ನಿನ್ನಿ ನಿಕಾಹ ಆತ್ರಿ" ಎಂದಳು. ಆಮೇಲೆ ಬೇಡಿಕೊಳ್ಳುವವಳಂತೆ, "ಕೆಲಸ ಇನ್ನೂ ಮುಗಿದಿಲ್ಲ, ಹೌದಲ್ರಿ? ಮುಗಿದಿಲ್ಲ ಅನ್ರಿ."

ಅವನ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ಇವಳೂ ಸುಡಲಿ ಎನ್ನಿಸಿತು.

"ಬುಧವಾರನ ಮುಗೀತು."

ಸಾಬೀರಾ ಗಾಡಿಯ ಗಾಲಿ ಹಿಡಿದುಕೊಂಡಳು.

"ಊರ ಮಂದಿಗೆಲ್ಲಾ ಸುಳ್ಳ ತಾರೀಖ ಹೇಳ್ತಿದ್ರಿ" ಎಂದಳು. "ಇವತ್ತೊಂದಿನ ನನಗೂ ಹೇಳಬಾರದಾಗಿತ್ತೇನ್ರಿ?"