ಸ್ಟೋರ್ಸ್ ಖಾಲಿ

ಖುರ್ಷಿದ್‌ಗೆ ಮೀಟಿಂಗ್ ರೂಮಿನಲ್ಲಿ ಕುರ್ಚಿ ಇರಲಿಲ್ಲ.

ಗೌರಿಬಿದನೂರು ಬಳಿಯ ಕುಡುಮಲಕುಂಟೆಯ ನೂಲಿನ ಮಿಲ್ಲಿಗೆ ೧೯೯೪ರಲ್ಲಿ ಮೂರು ಕಂಪ್ಯೂಟರ್ ಬಂದವು, ಅವುಗಳ ಜೊತೆಗೇ ಆಪರೇಟರ್ ಆಗಿ ಅವಳೂ ಬಂದಳು. ಕಂಪ್ಯೂಟರ್‌ಗಳಿಗೆ ಎ.ಸಿ. ಕೋಣೆ ಕೊಟ್ಟಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಪ್ರತಿ ಸೋಮವಾರ ಮ್ಯಾನೇಜರುಗಳ ಮೀಟಿಂಗಿಗೆ ಅವಳ ರಿಪೋರ್ಟು ಹೋಗುತ್ತಿತ್ತು, ಅವಳು ಹೋಗುತ್ತಿರಲಿಲ್ಲ.

ಪ್ಲಾನಿಂಗ್ ಸೆಕ್ಷನ್ನಿನ ಚಲಪತಿ ಮೊದಲ ಸಲ ಆ ಕೋಣೆಗೆ ಬೂಟು ಹಾಕಿಕೊಂಡೇ ನುಗ್ಗಿದ.

"ಬೂಟು," ಎಂದಳು ಖುರ್ಷಿದ್, ಸ್ಕ್ರೀನಿನಿಂದ ಕಣ್ಣು ತೆಗೆಯದೆ.

"ಗೇಟಲ್ಲಿ ಲಾರಿ ನಿಂತೈತೆ, ನಿಮಗೆ ಬೂಟಿನ ಚಿಂತೆ!"

"ಲಾರಿ ಹೊರಗೈತಲ್ಲ, ಬೂಟೂ ಹೊರಗೇ ಇರ್ಲಿ."

ಅವನು ಬಿಟ್ಟು ಬಂದ. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು. ಅವಳು ಅದನ್ನೇ ನೋಡಿದಳು. ಅವನು ಇನ್ನೊಂದು ಕಾಲನ್ನು ಅದರ ಮೇಲಿಟ್ಟು ಮುಚ್ಚಿಕೊಂಡ. ಅಲ್ಲಿಗೆ ಅವನ ಸಿಟ್ಟು ಅರ್ಧ ಇಳಿದಿತ್ತು.

ವಿಷಯ ಇಷ್ಟೆ. ಸ್ಟೋರ್ಸಿನ ಬಯ್ಯಪ್ಪ ಕಳಿಸಿದ ಚೀಟಿಯಲ್ಲಿ "ಬಾಬಿನ್ ಖಾಲಿ – ೪೦೦೦" ಎಂದಿತ್ತು. ನೂಲು ಸುತ್ತುವ ಬಾಬಿನ್ನುಗಳು ಮುಗಿದುಹೋದವು ಎಂದುಕೊಂಡ ಚಲಪತಿ ಹೊಸದಾಗಿ ನಾಲ್ಕು ಸಾವಿರ ತರಿಸಿದ್ದ. ಖುರ್ಷಿದ್ ಅದೇ ಚೀಟಿ ನೋಡಿ ಸ್ಟಾಕಿನಲ್ಲಿ ನಾಲ್ಕು ಸಾವಿರ ಇವೆ ಎಂದು ಹಾಕಿದ್ದಳು. ಅದಕ್ಕೇ ಗೇಟಿನವರು ಲಾರಿಯನ್ನು ಒಳಗೆ ಬಿಟ್ಟಿರಲಿಲ್ಲ.

ಮಾತು ಬೆಳೆಸದೆ ಅವನನ್ನು ಗೋಡೌನಿಗೆ ಕರೆದುಕೊಂಡು ಹೋದಳು. ಬಾಬಿನ್ನುಗಳನ್ನು ಸೂರಿನವರೆಗೆ ಪೇರಿಸಿಟ್ಟಿದ್ದರು.

"ಏಮಯ್ಯಾ ಚಲಪತಿ," ಎಂದ ಬಯ್ಯಪ್ಪ, "ಖಾಲಿ ಅಂದ್ರೆ ಖಾಲಿ ಬಾಬಿನ್ ಕಣಪ್ಪ. ನೂಲು ಸುತ್ತೋಕೆ ರೆಡಿ. ಇಪ್ಪತ್ತು ವರ್ಷದಿಂದ ಹಂಗೇ ಬರೀತಿದೀನಿ."

"ನಮ್ಮ ಕಡೆ ಖಾಲಿ ಅಂದ್ರೆ ಮುಗೀತು ಅಂತ!"

ಖುರ್ಷಿದ್ ನಗಲಿಲ್ಲ. ಬಯ್ಯಪ್ಪನ ತಪ್ಪಿಲ್ಲ, ಕಂಪ್ಯೂಟರಿನ ತಪ್ಪೂ ಇಲ್ಲ. ಒಂದೇ ಮಿಲ್ಲು, ಒಂದೇ ಮಾತು, ಎರಡು ಅರ್ಥ. ಇಂಥವು ಇನ್ನೆಷ್ಟಿವೆಯೋ ಎಂದು ಅವಳಿಗೆ ಅನಿಸಿತು.

ಹುಡುಕತೊಡಗಿದಳು. ಪ್ರಿಂಟರಿನಿಂದ ಒಂದಕ್ಕೊಂದು ಅಂಟಿಕೊಂಡೇ ಬರುವ ಹಳೆಯ ಹಾಳೆಗಳ ಹಿಂಬದಿಯಲ್ಲಿ ಇಡೀ ಮಿಲ್ಲನ್ನು ಬರೆದಳು. ಹತ್ತಿ ಎಲ್ಲಿಂದ ಒಳಗೆ ಬರುತ್ತದೆ, ನೂಲು ಎಲ್ಲಿಂದ ಹೊರಗೆ ಹೋಗುತ್ತದೆ, ನಡುವೆ ಯಾರು ಯಾರಿಗೆ ಯಾವ ಚೀಟಿ ಬರೆಯುತ್ತಾರೆ, ಆ ಚೀಟಿಯನ್ನು ನಂಬಿ ಯಾರು ಏನು ತೀರ್ಮಾನ ಮಾಡುತ್ತಾರೆ. ಹಾಳೆ ಹನ್ನೊಂದು ಅಡಿ ಉದ್ದವಾಯಿತು. ಊಟದ ಬಿಡುವಿನಲ್ಲಿ ಅದರ ಇನ್ನೊಂದು ತುದಿ ಹಿಡಿಯಲು ಚಲಪತಿ ಬರುತ್ತಿದ್ದ.

ಹನ್ನೊಂದು ಅಡಿ ದೂರದಿಂದ ಒಬ್ಬರನ್ನೊಬ್ಬರು ಎಷ್ಟು ಹೊತ್ತು ನೋಡಿದರೂ ಯಾರೂ ಅನುಮಾನ ಪಡುವುದಿಲ್ಲ. ಹಾಳೆ ಮಡಿಸುವಾಗಲೇ ಕಷ್ಟ. ಒಂದೊಂದು ಮಡಿಕೆಗೂ ಅವನು ಒಂದೊಂದು ಅಡಿ ಹತ್ತಿರ ಬರುತ್ತಿದ್ದ. ಕೊನೆಯ ಮಡಿಕೆಗೆ ಇಬ್ಬರೂ ಬೇಕೆಂದೇ ತಡಮಾಡುತ್ತಿದ್ದರು.

"ಇದಕ್ಕೆ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಅಂತಾರಂತೆ, ಮ್ಯಾಗಜೀನಲ್ಲಿ ಓದಿದೆ," ಎಂದಳು ಒಮ್ಮೆ.

"ಆರ್ಕಿಟೆಕ್ಟ್ ಅಂದ್ರೆ ಮನೆ ಪ್ಲಾನ್ ಹಾಕೋರಲ್ವೇನ್ರೀ?"

"ಇದೂ ಅದೇ. ಈ ಮನೇಲಿ ಬಚ್ಚಲ ನೀರು ಸೀದಾ ಅಡಿಗೆಮನೆಗೆ ಬರ್ತೈತೆ. ಜಿ.ಎಮ್ ಸಾಹೇಬ್ರು ಇನ್ನೂ ಎಂಟು ಕಂಪ್ಯೂಟರ್ ತರಿಸ್ತಾರಂತೆ. ತರಿಸಿದ್ರೆ ಅದೇ ನೀರು ಇನ್ನೂ ಜೋರಾಗಿ ಬರ್ತೈತೆ, ಅಷ್ಟೇ."

ಜನರಲ್ ಮ್ಯಾನೇಜರ್ ವೆಂಕಟರಾಮಪ್ಪನವರಿಗೆ ಹಾಳೆಯ ಸುದ್ದಿ ತಲುಪಿತು. ಅವರು ಚಲಪತಿಯನ್ನು ಕರೆಸಿದರು. ಅವನು ಹಿಂದಿರುಗಿ, ಬೂಟು ಬಿಟ್ಟು ಕಂಪ್ಯೂಟರ್ ಕೋಣೆಯೊಳಗೆ ಬಂದ.

"ಸೋಮವಾರ ಮೀಟಿಂಗಲ್ಲಿ ನಾನೇ ತೋರಿಸ್ಬೇಕಂತೆ. ಟೈಪ್ ಮಾಡೋರು ಕಂಪ್ನಿ ಹೆಂಗೆ ನಡೀಬೇಕು ಅಂತ ಹೇಳಕ್ಕಾಗಲ್ಲ ಅಂದ್ರು. ಪ್ಲಾನಿಂಗ್ ಮ್ಯಾನೇಜರ್ ಪೋಸ್ಟ್ ಖಾಲಿ ಐತೆ, ನೋಡಣ ಅಂದ್ರು."

"ನೀವೇನಂದ್ರಿ?"

"ಏನೂ ಅನ್ಲಿಲ್ಲ."

"ಹಾಗಾದ್ರೆ ತಗೊಂಡ್ಹೋಗಿ." ಮಡಿಸಿದ ಹಾಳೆಯನ್ನು ಅವನ ಎದೆಗೆ ಒತ್ತಿ ಕೊಟ್ಟಳು. "ನಾಲ್ಕನೇ ಅಡಿ ಹತ್ರ ಯಾರಾದ್ರೂ ಪ್ರಶ್ನೆ ಕೇಳ್ತಾರೆ, ಅಲ್ಲಿನ ಲೆಕ್ಕ ನಂಗೊಬ್ಳಿಗೇ ಗೊತ್ತು. ಏನು ಹೇಳ್ತೀರೋ ನೋಡ್ತೀನಿ."

ಸೋಮವಾರ ಅವಳು ಕೆಲಸ ಮಾಡಲಿಲ್ಲ, ಎದುರಿನ ಮೀಟಿಂಗ್ ರೂಮಿನ ಗಾಜಿನ ಬಾಗಿಲನ್ನೇ ನೋಡುತ್ತ ಕುಳಿತಳು. ಒಳಗೆ ಚಲಪತಿ ಹಾಳೆ ಬಿಡಿಸಿದ. ಅದು ಮೇಜು ದಾಟಿ ನೆಲಕ್ಕೆ ಜೋತುಬಿತ್ತು. ಯಾರೋ ಏನೋ ಕೇಳಿದರು. ಅವನು ಬಾಗಿಲು ತೆಗೆದು ಹೊರಗೆ ಬಂದ.

"ಬನ್ರೀ. ನಾಲ್ಕನೇ ಅಡೀಲಿ ನಿಂತುಹೋಯ್ತು. ಹಾಳೆ ನಿಮ್ದು ಅಂತ ಹೇಳ್ಬಿಟ್ಟೆ. ನನ್ನ ಕುರ್ಚೀಲಿ ಕೂತ್ಕೊಳ್ಳಿ."

"ನಿಮ್ಮ ಕುರ್ಚಿ ಯಾಕೆ? ನಂದೈತಲ್ಲ."

ಖುರ್ಷಿದ್ ಕಂಪ್ಯೂಟರಿನ ಮುಂದಿದ್ದ ತನ್ನ ಚಕ್ರದ ಕುರ್ಚಿಯನ್ನು ತಳ್ಳಿಕೊಂಡು ಹೊರಟಳು. ಒಂದು ಚಕ್ರ ಕಿರುಗುಟ್ಟುತ್ತಿತ್ತು. ಕಿರುಗುಟ್ಟಲಿ ಎಂದು ಇನ್ನೂ ನಿಧಾನವಾಗಿ ತಳ್ಳಿದಳು. ಬಾಗಿಲ ಬಳಿಯ ಚಪ್ಪಲಿ ಮೆಟ್ಟಿಕೊಳ್ಳುವುದು ನೆನಪಾಗಲಿಲ್ಲ. ಬರಿಗಾಲಲ್ಲೇ ಒಳಗೆ ಹೋಗಿ, ವೆಂಕಟರಾಮಪ್ಪನವರ ಎದುರಿಗೆ ಕುರ್ಚಿ ನಿಲ್ಲಿಸಿ ಕುಳಿತಳು.

"ನಿನ್ನನ್ನ ಯಾರಮ್ಮ ಕರೆದಿದ್ದು?"

"ನಾಲ್ಕನೇ ಅಡಿ ಕರೀತು ಸಾರ್."

ಯಾರೋ ನಕ್ಕರು. ವೆಂಕಟರಾಮಪ್ಪನವರು ನಗಲಿಲ್ಲ. ಆದರೆ ಒಂದೂವರೆ ಗಂಟೆ ಪ್ರಶ್ನೆ ಕೇಳಿದರು. ಎಂಟು ಕಂಪ್ಯೂಟರಿನ ಆರ್ಡರು ನಿಂತಿತು. ಮೊದಲು ಎಲ್ಲ ಸೆಕ್ಷನ್ನಿಗೂ ಒಂದೇ ಪದಗಳ ಪಟ್ಟಿ ಆಗಬೇಕು, ಅದನ್ನು ಅವಳೇ ಮಾಡಬೇಕು ಎಂದು ಬರೆಸಿದರು. ಹೊರಡುವಾಗ ಅವಳು ಕುರ್ಚಿಯನ್ನು ಅಲ್ಲೇ ಬಿಟ್ಟಳು.

ಆ ಶನಿವಾರ ಸಂಜೆ ಗೌರಿಬಿದನೂರಿನಲ್ಲಿ ಚಿಂತಾಮಣಿ ಬಸ್ಸು ಹತ್ತಿದಳು. ಅವಳ ಊರಿಗೂ ಚಲಪತಿಯ ಊರಿಗೂ ಅದೇ ಬಸ್ಸು. ಅವಳು ಯಾವಾಗಲೂ ಮುಂದೆ ಹೆಂಗಸರ ಸೀಟಿನಲ್ಲಿ, ಅವನು ಹಿಂದೆ. ಅವತ್ತು ಅವನು ನಟ್ಟನಡುವೆ ಕುಳಿತಿದ್ದ.

"ಪಕ್ಕದ ಸೀಟು ಖಾಲಿ," ಎಂದ.

"ಯಾವ ಖಾಲಿ?"

"ಸ್ಟೋರ್ಸ್ ಖಾಲಿ. ಇನ್ನೂ ನೂಲು ಸುತ್ತಿಲ್ಲ."

"ಎಷ್ಟು ದಿನದಿಂದ?"

"ಬೂಟು ಬಿಟ್ಟ ದಿನದಿಂದ."

ಅವಳ ಕಿವಿ ಬಿಸಿಯಾಯಿತು. ಬಸ್ಸಿನಲ್ಲಿ ಅರ್ಧ ಜನ ಚಿಂತಾಮಣಿಯವರು. ಅವಳ ಅಬ್ಬಾ, ರೇಷ್ಮೆ ವ್ಯಾಪಾರಿ ಲಾಲ್ ಬಾಷಾರ ಅಂಗಡಿ ಗೊತ್ತಿಲ್ಲದವರು ಅವರಲ್ಲಿ ಯಾರೂ ಇರಲಿಲ್ಲ. ಪಕ್ಕದ ಬೀದಿಯ ಅಮ್ಮಾಜಮ್ಮ ಆಗಲೇ ಕತ್ತು ತಿರುಗಿಸಿದ್ದಳು.

ಖುರ್ಷಿದ್ ಅವನ ಪಕ್ಕದಲ್ಲಿ ಕುಳಿತಳು.

"ಚೆನ್ನಾಗಿ ನೋಡ್ಕೊಳ್ಳಿ ಅಮ್ಮಾಜಮ್ಮಾ, ಚಿಂತಾಮಣಿ ಗಂಟ ಟೈಮೈತೆ. ಆದ್ರೆ ಅಬ್ಬಾಗೆ ನೀವು ಹೇಳೋ ಮುಂಚೆ ನಾನೇ ಹೇಳ್ತೀನಿ."

ಹೇಳಿದಳು. ಮುಂದಿನ ವರ್ಷ ಚಿಕ್ಕಬಳ್ಳಾಪುರದ ರಿಜಿಸ್ಟ್ರಾರ್ ಆಫೀಸಿನಲ್ಲಿ ಇಬ್ಬರೂ ಸಹಿ ಹಾಕಿದರು. ಸಾಕ್ಷಿಗೆ ಬಯ್ಯಪ್ಪ ಬಂದಿದ್ದ.

ಪ್ಲಾನಿಂಗ್ ಮ್ಯಾನೇಜರ್ ಕೆಲಸ ಬೇರೆಯವರಿಗೆ ಹೋಯಿತು. ಅಬ್ಬಾ ಹತ್ತೊಂಬತ್ತು ತಿಂಗಳು ಮಾತಾಡಲಿಲ್ಲ. ಅಂಬಾಜಿದುರ್ಗದ ಬುಡದಲ್ಲಿದ್ದ ಚಲಪತಿಯ ಮನೆಗೆ ಮದುವೆಯಾದ ಮೇಲೆ ಅವರಿಬ್ಬರೂ ಕಾಲಿಡಲಿಲ್ಲ, ಅವನ ತಾಯಿ ಮುನಿಗಂಗಮ್ಮ ಕೊನೆಯವರೆಗೂ ಕರೆಯಲಿಲ್ಲ. ಮೀಟಿಂಗಿನ ದಿನ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಯೂ ಸಿಗಲಿಲ್ಲ. ಕಳೆದದ್ದು ಒಟ್ಟು ಇಷ್ಟು: ಒಂದು ಪ್ರಮೋಷನ್, ಹತ್ತೊಂಬತ್ತು ತಿಂಗಳು, ಒಂದು ಮನೆ, ಒಂದು ಜೊತೆ ಚಪ್ಪಲಿ.