ಮುಖ ಹೊಂದುತ್ತಿಲ್ಲ

"ಸರ್, ಸ್ವಲ್ಪ ಬಲಕ್ಕೆ ತಿರುಗಿ... ಹಾಂ, ಕಣ್ಣು ಮಿಟುಕಿಸಿ..."

ಪರದೆಯ ಆ ಬದಿಯ ಯುವಕ ಅವಳು ಹೇಳಿದಂತೆ ಮಾಡಿದ. ಅವನ ಎಡಗೆನ್ನೆ ಕಿವಿಯಿಂದ ಗದ್ದದವರೆಗೆ ಸುಟ್ಟು ಸುಕ್ಕುಗಟ್ಟಿತ್ತು.

ಶಾಖೆಗಳೇ ಇಲ್ಲದ, ಎಲ್ಲವೂ ಮೊಬೈಲಿನಲ್ಲೇ ನಡೆಯುವ ಬ್ಯಾಂಕು ಅದು. ಖಾತೆ ತೆರೆಯುವವರನ್ನು ವಿಡಿಯೋ ಕಾಲಿನಲ್ಲಿ ಮುಖಾಮುಖಿ ನೋಡಿ, ಗುರುತಿನ ಚೀಟಿಯ ಫೋಟೋ ಜೊತೆ ತಾಳೆ ನೋಡುವುದು ಅವಳ ಕೆಲಸ. ಒಬ್ಬರಿಗೆ ಮೂರೇ ನಿಮಿಷ.

ಕಂಪ್ಯೂಟರು ಕೆಂಪಕ್ಷರದಲ್ಲಿ ಹೇಳಿತು: ಮುಖ ಹೊಂದುತ್ತಿಲ್ಲ.

"ಮೇಡಂ, ಅದು ಹಳೇ ಫೋಟೋ. ಆಮೇಲೆ ಗ್ಯಾಸ್ ಸಿಡಿದು ಹೀಗಾಯ್ತು... ಆಸ್ಪತ್ರೆ ಚೀಟಿ ತೋರಿಸ್ಲಾ?"

ಪಕ್ಕದ ಸೀಟಿನ ಗೆಳತಿ ಇಣುಕಿ ಪಿಸುಗುಟ್ಟಿದಳು. "ಮುಖಕ್ಕೆ ಇಸ್ತ್ರಿ ಹಾಕಿಸ್ಕೊಂಡು ಬರೋಕೆ ಹೇಳೇ!"

ಅವಳು ಕಿಸಕ್ಕನೆ ನಕ್ಕುಬಿಟ್ಟಳು.

ಮೈಕ್ ಆನ್ ಇತ್ತು!

ಅವನು ಮೆಲ್ಲಗೆ ತಲೆ ತಗ್ಗಿಸಿದ. ಗಾಬರಿಯಲ್ಲಿ ಅವಳ ಬೆರಳು 'ತಿರಸ್ಕರಿಸಿ' ಎಂಬುದನ್ನು ಒತ್ತಿಬಿಟ್ಟಿತು.

ಆ ದಿನ ಅವಳಿಗೆ ಊಟ ಸೇರಲಿಲ್ಲ. 'ಛೀ... ನಾನೇನಾ ನಕ್ಕಿದ್ದು?'

ಹತ್ತು ದಿನ ಕಳೆಯಿತು. ರಜೆಯ ಬೆಳಿಗ್ಗೆ ಅವಳನ್ನು ಸಾಕಿದ ಚಿಕ್ಕಮ್ಮ ಕೂಗಿದರು. "ಗೇಟ್ ರಿಪೇರಿಗೆ ವೆಲ್ಡರ್ ಬಂದಿದಾನೆ, ನೀರು ಕೊಡೇ! ಹಾಳು ಗೇಟು ಕಿರುಗುಟ್ಟಿ ನಮ್ಮನೆ ಸಮಾಚಾರ ಬೀದಿಗೆಲ್ಲ ಸಾರ್ತಿದೆ."

ಚೊಂಬು ಹಿಡಿದು ಬಂದವಳ ಕಾಲು ಹೊಸ್ತಿಲಲ್ಲೇ ನಿಂತಿತು. ಅದೇ ಕೆನ್ನೆ!

ಅವನು ಒಂದು ಗಳಿಗೆ ನೋಡಿದ, ನೀರು ಕುಡಿದ, ಕೆಲಸಕ್ಕೆ ತಿರುಗಿದ.

'ಸದ್ಯ, ಗುರುತು ಸಿಕ್ಕಿಲ್ಲ!' ಹಾಗೆ ಸಮಾಧಾನಪಟ್ಟುಕೊಂಡಿದ್ದಕ್ಕೇ ಅವಳಿಗೆ ಮತ್ತೆ ನಾಚಿಕೆಯಾಯಿತು.

"ಕೂಲಿ ಫೋನಲ್ಲೇ ಕಳಿಸ್ಲೇನಪ್ಪಾ?" ಚಿಕ್ಕಮ್ಮ ಕೇಳಿದರು.

"ಖಾತೆ ಇಲ್ಲಮ್ಮ. ತೆಗೆಯೋಣ ಅಂದ್ರೆ ನಮ್ಮ ಬೀದಿ ಬ್ಯಾಂಕು ಮುಚ್ಚೋಯ್ತು. ಮೊಬೈಲ್ ಬ್ಯಾಂಕಿಗೆ ನನ್ನ ಮುಖ ಹಿಡಿಸ್ಲಿಲ್ಲ. ಖಾತೆ ಇಲ್ದೆ ಶಾಲೆ ಕಟ್ಟಡದ ಕೆಲಸಾನೂ ಕೈತಪ್ಪಿತು."

"ಯಾವ ಕಣ್ಣಿಲ್ಲದವರು ಕೂತಿದ್ರೋ ಅಲ್ಲಿ!" ಚಿಕ್ಕಮ್ಮ ಸಿಡುಕಿದರು.

ಅವಳು ಖಾಲಿ ಚೊಂಬು ಹಿಡಿದು ಒಳಗೆ ಸರಿದುಬಿಟ್ಟಳು.

ಗೇಟು ಮುಗಿದ ಮೇಲೆ ಕಿಟಕಿ ಸರಳು, ಆಮೇಲೆ ಮೆಟ್ಟಿಲ ಕಂಬಿ... ಚಿಕ್ಕಮ್ಮ ಪ್ರತಿ ವಾರ ಒಂದು ಕೆಲಸ ಹುಡುಕಿದರು. ಅವನ ಮೆದು ಮಾತಿಗೆ ಅವಳ ಮನಸ್ಸು ಸೋಲುತ್ತಾ ಹೋಯಿತು. ಅವನು ತಮಾಷೆ ಮಾಡಿದರೆ ಮಾತ್ರ ತುಟಿ ಕಚ್ಚಿ ಎದ್ದುಹೋಗುತ್ತಿದ್ದಳು. ಅವನೆದುರು ನಗುವ ಯೋಗ್ಯತೆ ತನಗೆಲ್ಲಿದೆ?

ನಾಲ್ಕನೇ ವಾರ ಅವನು ಬಂದುಹೋದ ಮರುದಿನ ಅವಳು ಮೇಲಧಿಕಾರಿಯ ಕೋಣೆಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡಳು, ಬರೆದೂ ಕೊಟ್ಟಳು. ಅಂದೇ ಅವಳನ್ನು ಆ ಸೀಟಿನಿಂದ ತೆಗೆದು ಬೇರೆ ಕೆಲಸಕ್ಕೆ ಹಾಕಿದರು.

ಐದನೇ ವಾರ ಅವನು ಸಾಮಾನು ಕಟ್ಟುತ್ತಾ ಅಂದ, "ಇನ್ನು ನಾನು ಬರಲ್ಲ. ನನ್ನ ಕಂಡ್ರೆ ನಿಮಗೆ ಅಸಹ್ಯ ಅನ್ಸುತ್ತೆ, ಅಲ್ವಾ? ಮಾತಾಡ್ತಾ ಮಾತಾಡ್ತಾ ಎದ್ದು ಹೋಗ್ತೀರಿ..."

"ಅಯ್ಯೋ, ಇಲ್ಲ! ಅಸಹ್ಯ ನನ್ನ ಮೇಲೇ ನನಗೆ! ಆ ದಿನ ಫೋನಲ್ಲಿ ನಿಮ್ಮನ್ನ ನೋಡಿ ನಕ್ಕಿದ್ದು... ನಾನೇ!"

ಕಣ್ಣೀರು ಕೆನ್ನೆಗಿಳಿಯಿತು. "ಆಫೀಸಲ್ಲಿ ಹೇಳಿದೀನಿ. ನಿಮ್ಮ ಅರ್ಜಿ ಮತ್ತೆ ತೆರೀತಾರೆ. ಈ ಸಲ ಆಸ್ಪತ್ರೆ ಚೀಟಿ ನೋಡ್ತಾರೆ. ಆದ್ರೆ ಆ ಶಾಲೆ ಕೆಲಸ... ಅದನ್ನ ನಾನು ವಾಪಸ್ ಕೊಡ್ಸೋಕಾಗಲ್ಲ..."

"ನೀವೇ ಅಂತ ಗೊತ್ತಿತ್ತು. ನೀರು ಕೊಟ್ಟ ದಿನಾನೇ."

"ಗೊತ್ತಿದ್ದೂ... ಯಾಕೆ ಬಂದ್ರಿ?"

"ಮೊದಲ ವಾರ ಕೂಲಿಗೆ ಬಂದೆ. ಎರಡನೇ ವಾರ, ನೀವು ಒಪ್ಕೋತೀರೋ ಇಲ್ವೋ ನೋಡೋಣ ಅಂತ. ಆಮೇಲೆ..." ಅವನ ದನಿ ತಗ್ಗಿತು. "ಆಮೇಲೆ ಬರದೇ ಇರೋಕಾಗಲಿಲ್ಲ."

"ಕ್ಷಮಿಸ್ತೀರಾ?"

"ತುಂಬಾ ನೋವಾಗಿತ್ತು, ಸುಳ್ಳು ಹೇಳಲ್ಲ. ಆದ್ರೆ ಇವತ್ತು ನೀವು ಹೇಳದೇ ಇದ್ದಿದ್ರೆ ಇನ್ನೂ ನೋವಾಗ್ತಿತ್ತು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮುಂದಿನ ವಾರ ಬನ್ನಿ... ರಿಪೇರಿಗೆ ಏನೂ ಉಳಿದಿಲ್ಲ, ಆದ್ರೂ."

"ಬರ್ತೀನಿ. ಚಿಕ್ಕಮ್ಮನ ಹತ್ರ ಒಂದು ಮಾತು ಕೇಳೋದಿದೆ."

"ಏನಂತ?"

"ಮೊದಲು ನಿಮ್ಮನ್ನ ಕೇಳ್ಬೇಕು... ಕೇಳ್ಲಾ?"

ಅವಳು ಮೊದಲ ಬಾರಿಗೆ ನೇರವಾಗಿ ಅವನನ್ನು ನೋಡಿದಳು.

"ಕೇಳಿ..."