ಗಡಿಯಾರ ಇಟ್ಟು ಮುಚ್ಚಿದ ಬಾಗಿಲು

"ಒತ್ತಬೇಡಿ..."

ಮಾತಿಗಿಂತ ಮೊದಲು ಕೈ ಬಂದಿತ್ತು. ಕೀಬೋರ್ಡಿನ ಮೇಲೆ ಇಳಿಯಲಿದ್ದ ಅವಳ ಮಣಿಕಟ್ಟನ್ನು ಹಿಂದಿನಿಂದ ಯಾರೋ ಹಿಡಿದು, ಗಾಳಿಯಲ್ಲೇ ನಿಲ್ಲಿಸಿದ್ದರು.

ಕಂಟ್ರೋಲ್ ರೂಮಿಗೆ ಸೇರಿ ಇನ್ನೂ ವಾರ ತುಂಬಿರಲಿಲ್ಲ. ಬಾಗಿಲು ತೆರೆದ ಸದ್ದೂ ಕೇಳಿಸಿರಲಿಲ್ಲ. ಬೆದರಿ ತಿರುಗಿದರೆ, ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡ ಒಬ್ಬ ಯುವಕ. ಅವಳ ಮುಖದಲ್ಲಿದ್ದ ಭಯ ಕಂಡು, ಬೆಂಕಿ ಮುಟ್ಟಿದವನಂತೆ ಕೈ ಬಿಟ್ಟ.

"ಕ್ಷಮಿಸಿ. ಮೇಲಿನ ಠಾಣೆಯವನು ನಾನು. ನೀವೀಗ ಮುಚ್ಚೋಕೆ ಹೊರಟಿದ್ದು ನನ್ನ ಯಂತ್ರದ ಬಾಗಿಲು. ಅದೂ ನೀವೇ ಒಳಗೆ ಹೋಗೋ ಬಾಗಿಲು. ಒತ್ತಿದ್ರೆ ಮುಗೀತು, ತೆಗೆಯೋಕೆ ನಾನು ಮತ್ತೆ ಬೆಟ್ಟ ಹತ್ತಬೇಕು. ಈಗಷ್ಟೇ ಇಳಿದು ಬಂದಿದೀನಿ. ಕಾಲಿನ ಮೇಲೆ ಸ್ವಲ್ಪ ಕರುಣೆ ಇರ್ಲಿ."

ಅವಳಿಗೆ ನಗು ಬರಲಿಲ್ಲ. ಅಳು ಬರುವಂತಾಯಿತು. ಕೆಲಸ ಹೋಯಿತು ಎಂದುಕೊಂಡಳು.

ಆದರೆ ಅವನು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು, ಸಾಕಷ್ಟು ದೂರದಲ್ಲೇ ಕುಳಿತು, ಹೇಳಿಕೊಟ್ಟ.

ನದಿಯ ಉದ್ದಕ್ಕೂ ನೀರಿನ ಮಟ್ಟ ಅಳೆಯುವ ಠಾಣೆಗಳು ಮೂರು. ಮೇಲೆ ಬೆಟ್ಟದ ಕಣಿವೆಯಲ್ಲಿ ಅವನದು. ಸೇತುವೆಯ ಪಕ್ಕದಲ್ಲಿ ಎಲ್ಲರೂ ಮಾವ ಎಂದು ಕರೆಯುವ ಹಿರಿಯರೊಬ್ಬರದು. ಕೆಳಗೆ ಊರಿನಲ್ಲಿ ಅವಳದು. ಮೂರರಲ್ಲೂ ಒಂದೊಂದು ಸರ್ವರ್. ಒಂದೇ ಲೆಕ್ಕವನ್ನು ಮೂರೂ ಇಟ್ಟುಕೊಂಡು, ಗಳಿಗೆಗೊಮ್ಮೆ ಒಂದಕ್ಕೊಂದು ಹೇಳಿಕೊಳ್ಳುತ್ತಿದ್ದವು. ಒಂದು ಯಂತ್ರದಿಂದ ಇನ್ನೊಂದರೊಳಗೆ ಹೋಗುವ ದಾರಿಯನ್ನೇ ಅವನು ಬಾಗಿಲು ಎನ್ನುತ್ತಿದ್ದ. ಒಂದು ಕೆಟ್ಟರೂ ಉಳಿದವು ಕೆಲಸ ನಡೆಸುತ್ತಿದ್ದವು. ನೀರು ಏರಿದರೆ ಸೈರನ್ ಕೂಗಿಸಿ ದಡದ ಬೀದಿಗಳನ್ನು ಖಾಲಿ ಮಾಡಿಸುವುದು ಅವಳ ಹೊಣೆ.

ಅಂದು ಅವನು ಕಲಿಸಿದ ಮೊದಲ ಪಾಠವನ್ನು ಅವಳು ಮರೆಯಲೇ ಇಲ್ಲ. ದೂರದ ಯಂತ್ರದ ಬಾಗಿಲು ಮುಚ್ಚುವ ಮೊದಲು ಗಡಿಯಾರ ಇಡಬೇಕು. ಅಂದರೆ, ಮಾಡಿದ್ದೆಲ್ಲ ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಹಿಂದಕ್ಕೆ ಹೋಗುವಂತೆ ಮೊದಲೇ ಯಂತ್ರಕ್ಕೆ ಹೇಳಿಡಬೇಕು. ತಪ್ಪಾಗಿ ಹೊರಗೇ ಉಳಿದುಬಿಟ್ಟರೂ ಗಾಬರಿಯಿಲ್ಲ... ಕಾದರೆ ಬಾಗಿಲು ತೆರೆದುಕೊಳ್ಳುತ್ತದೆ.

ಎರಡನೆಯ ಪಾಠ ಇನ್ನೂ ವಿಚಿತ್ರ. "ಬಾಗಿಲು ಬಡಿದಾಗ 'ಆಗೋಲ್ಲ, ಹೋಗು' ಅಂತ ಉತ್ತರ ಬಂದ್ರೆ ಸಂತೋಷ ಪಡಿ," ಎಂದಿದ್ದ. "ಒಳಗೆ ಯಾರೋ ಬದುಕಿದಾರೆ ಅಂತ ಅರ್ಥ. ಉತ್ತರವೇ ಬರದಿದ್ರೆ... ಆಗ ಹೆದರಿ."

ಅವನು ಬೆಟ್ಟಕ್ಕೆ ಮರಳಿದ ಮೇಲೆ ಇಬ್ಬರ ನಡುವೆ ಉಳಿದದ್ದು ಫೋನು. ಬೆಳಗಿನ ತಪಾಸಣೆಗೆಂದು ಶುರುವಾದ ಮಾತು ಮೆಲ್ಲಗೆ ಎಲ್ಲೆಲ್ಲಿಗೋ ಹರಿಯತೊಡಗಿತು. ಒಂಟಿ ಕೋಣೆ, ಮೇಲೊಂದು ಪುಟ್ಟ ಅಟ್ಟ, ಇಷ್ಟೇ ತನ್ನ ಅರಮನೆ ಎನ್ನುತ್ತಿದ್ದ. ಯಂತ್ರದ ಕಟ್ಟೆಯೂ ತನ್ನ ಮಂಚವೂ ಒಂದೇ ಎತ್ತರವಂತೆ. "ರಾತ್ರಿಯೆಲ್ಲ ಕಿವಿ ಹತ್ರಾನೇ ಗುಂಯ್ ಅಂತಿರುತ್ತೆ. ಗೊರಕೆ ಹೊಡೆಯೋ ಸಂಗಾತಿ," ಎಂದು ನಗಿಸುತ್ತಿದ್ದ.

ಹುಟ್ಟಿನಿಂದಲೇ ಮಾತಿಗೆ ಹಿಂಜರಿಯುವವಳು ಅವಳು. ನಾಲ್ಕು ಜನರೆದುರು ಬಾಯಿ ಬಿಡಲು ಹೆದರುತ್ತಿದ್ದವಳು, ಆ ಫೋನಿನಲ್ಲಿ ಮಾತ್ರ ಮಾತಾಡುತ್ತಿದ್ದಳು. ಆದರೂ ಹೇಳಬೇಕಾದ ಒಂದು ಮಾತು ಗಂಟಲಲ್ಲೇ ಉಳಿದಿತ್ತು.

ಅದನ್ನು ಅವನ ಬಾಯಿಂದಲೇ ಹೊರಡಿಸಬೇಕೆಂದು ಒಂದು ಬೆಳಿಗ್ಗೆ ಧೈರ್ಯ ಮಾಡಿದಳು. ಭಾವನ ಸ್ನೇಹಿತನೊಬ್ಬ ತನ್ನನ್ನು ಮದುವೆಗೆ ಕೇಳಿದ್ದಾನೆ, ಅಕ್ಕನಿಗೆ ಒಪ್ಪಿಗೆಯಿದೆ, ತಾನಿನ್ನೂ ಏನೂ ಹೇಳಿಲ್ಲ ಎಂದಳು. ಹೇಳಿ ಕಾದಳು. ಬೇಡ ಅನ್ನಲಿ... ಒಂದೇ ಒಂದು ಸಲ ಬೇಡ ಅನ್ನಲಿ...

"ಒಳ್ಳೇದಾಗ್ಲಿ," ಎಂದ ಅವನು.

ಅಷ್ಟೇ. ಆ ದಿನದಿಂದ ಫೋನು ಕಡಿಮೆಯಾಯಿತು. ಬಂದರೂ ನೀರಿನ ಮಟ್ಟ, ಬ್ಯಾಟರಿ, ಮಳೆ. ಅವಳು ಆ ಸಂಬಂಧ ಬೇಡವೆಂದು ಅಕ್ಕನಿಗೆ ಹೇಳಿದಳು. ಅದನ್ನು ಅವನಿಗೆ ತಿಳಿಸಲು ಮಾತ್ರ ನಾಲಿಗೆ ಏಳಲಿಲ್ಲ. 'ಅವರಿಗೇನಂತೆ? ಒಳ್ಳೇದಾಗ್ಲಿ ಅಂದವರು!'

ಆದರೂ ಮನಸ್ಸು ಸುಮ್ಮನಿರಬೇಕಲ್ಲ. ತನ್ನ ಕಂಪ್ಯೂಟರಿನಲ್ಲಿ ಒಂದು ಸಣ್ಣ ಕಿಟಕಿ ತೆರೆದಿಟ್ಟಳು. ಅದು ಬಿಡದೆ ಮೇಲಿನ ಯಂತ್ರದ ಬಾಗಿಲು ಬಡಿದು ಕೇಳುತ್ತಿತ್ತು: ಇದ್ದೀಯಾ? 'ಇದ್ದೇನೆ' ಎಂದು ಉತ್ತರ ಬಂದಾಗಲೆಲ್ಲ ಒಂದು ಹಸಿರು ಚುಕ್ಕೆ ಮಿನುಗುತ್ತಿತ್ತು. ಆ ಚುಕ್ಕೆ ನೋಡುತ್ತ ಕೂರುವುದೇ ಒಂದು ಸಮಾಧಾನ.

*

ಅಂದು ಬೆಳಗಿನಿಂದ ಬೆಟ್ಟದ ಕಡೆ ಆಕಾಶ ಕಪ್ಪಾಗಿತ್ತು. ಮೇಲಿನ ಠಾಣೆಯ ಫೋನು ಸತ್ತಿತ್ತು. ನೀರು ಏರುತ್ತಲೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಹಸಿರು ಚುಕ್ಕೆ ಆರಿಹೋಯಿತು.

ಒಳಗೆ ಹೋಗಲು ಪ್ರಯತ್ನಿಸಿದಳು. ತಕ್ಷಣ ಉತ್ತರ ಬಂತು: ಪ್ರವೇಶವಿಲ್ಲ.

'ಪರವಾಗಿಲ್ಲ... ಆಗೋಲ್ಲ ಅಂದ್ರೆ ಬದುಕಿದೆ ಅಂತ ಅರ್ಥ,' ಎಂದು ತನಗೆ ತಾನೇ ಹೇಳಿಕೊಂಡಳು. ಕೇಬಲ್ ನೋಡಿದಳು. ತನ್ನ ಯಂತ್ರದ ವಿಳಾಸ, ತನ್ನ ಕಡೆಯ ಬಾಗಿಲುಗಳನ್ನೆಲ್ಲ ನೋಡಿದಳು. ಎಲ್ಲ ಸರಿಯಿತ್ತು. ಸೇತುವೆಯ ಮಾವನಿಗೆ ಫೋನ್ ಮಾಡಿದಳು.

"ನನಗೆ ಬರ್ತಿದೆಯಲ್ಲ ಮಗು," ಎಂದರು ಮಾವ. "ಅವನ ಯಂತ್ರ ನನ್ನ ಹತ್ರ ಚೆನ್ನಾಗೇ ಮಾತಾಡ್ತಿದೆ. ಈಗೀಗ ಇನ್ನೂ ಜೋರಾಗಿ."

ಹಾಗಾದರೆ ಮುಚ್ಚಿರುವುದು ತನಗೆ ಮಾತ್ರ.

ಮೇಲಿನ ಯಂತ್ರದ ಬಾಗಿಲಿನ ನಿಯಮಗಳನ್ನು ಸ್ವಲ್ಪ ಓದುವಿರಾ ಎಂದು ಕೇಳಿದಳು. ಓದಬಲ್ಲೆ, ಕೈ ಹಾಕುವುದಿಲ್ಲ, ಈ ವಯಸ್ಸಿನಲ್ಲಿ ಬೇರೆಯವರ ಮನೆ ಚಿಲಕ ಮುಟ್ಟುವ ಚಪಲ ತನಗಿಲ್ಲ ಎಂದು ಗೊಣಗುತ್ತಲೇ ಮಾವ ಓದಿದರು. ಕೊನೆಯ ಸಾಲು ಈಗಷ್ಟೇ ಸೇರಿಸಿದ್ದು: ಕೆಳಗಿನ ಠಾಣೆಯಿಂದ ಏನೇ ಬಂದರೂ ಒಳಗೆ ಬಿಡಬೇಡ.

ಅದು ತಾನಾಗಿ ಬಂದ ದೋಷವಲ್ಲ. ಕೈಯಿಂದ ಬರೆದದ್ದು. ಅವನ ಕೈಯಿಂದ...

ಅವಳ ಕಣ್ಣು ತುಂಬಿತು. ಇಷ್ಟು ಬೇಡವಾದೆನೇ? ಪ್ರವಾಹದ ಹೊತ್ತಿನಲ್ಲೂ ಮುಖ ನೋಡಲಾರದಷ್ಟು?

"ಮಗು..." ಮಾವನ ದನಿ ಬದಲಾಯಿತು. "ನನಗೂ ನಿಂತುಹೋಯ್ತು."

ಕೊನೆಯದಾಗಿ ಬಂದ ಅಂಕಿಯನ್ನು ಮಾವ ಓದಿದರು. ಅದೇ ಅಂಕಿ ಮಾವನ ಯಂತ್ರದಿಂದ ಅವಳ ಪರದೆಗೂ ಬಂದು ಕೆಂಪಾಗಿ ನಿಂತಿತು. ನೀರು ಠಾಣೆಯ ಹೊಸ್ತಿಲು ದಾಟಿತ್ತು.

ಅಳುವುದಕ್ಕೂ ಹೊತ್ತಿರಲಿಲ್ಲ. ಸೈರನ್ ಒತ್ತಿದಳು. ದಡದ ಬೀದಿಗಳಿಂದ ಜನ ಮಕ್ಕಳನ್ನು ಎತ್ತಿಕೊಂಡು ಏರಿನ ಕಡೆ ಓಡುವುದು ಕಿಟಕಿಯಿಂದ ಕಾಣುತ್ತಿತ್ತು. ರಕ್ಷಣಾ ದಳಕ್ಕೆ ಫೋನ್ ಮಾಡಿದಳು. ರಸ್ತೆ ಮುಳುಗಿದೆ, ದೋಣಿ ಕಳಿಸುತ್ತೇವೆ, ತಲುಪುವುದು ಯಾವಾಗ ಎಂದು ಹೇಳಲಾಗದು ಎಂದರು.

ಸ್ವಲ್ಪ ಹೊತ್ತಿಗೆ ಅಕ್ಕ ಮಗುವನ್ನು ಸೊಂಟದಲ್ಲಿಟ್ಟುಕೊಂಡು, ಒದ್ದೆಯಾಗಿ ಕಂಟ್ರೋಲ್ ರೂಮಿಗೇ ಬಂದಳು. ತಂಗಿಯ ಮುಖ ನೋಡಿದವಳೇ ನಿಂತುಬಿಟ್ಟಳು.

"ಆ ಸಂಬಂಧ ಬೇಡ ಅಂದಿದ್ದು... ಬೆಟ್ಟದ ಮೇಲಿರೋ ಆ ಹುಡುಗನಿಗಾಗಿನಾ?"

ಅವಳು ತಲೆಯಾಡಿಸಿದಳು. ಅಕ್ಕ ಪಕ್ಕದಲ್ಲಿ ಕುಳಿತಳು.

ಮತ್ತೆ ಬಾಗಿಲು ಬಡಿದಳು. ಈ ಸಲ 'ಪ್ರವೇಶವಿಲ್ಲ' ಎಂಬ ಮಾತೂ ಬರಲಿಲ್ಲ. ಏನೂ ಬರಲಿಲ್ಲ. ಪರದೆಯ ಮೇಲಿನ ಗೆರೆ ಮಿಟುಕುತ್ತಲೇ ಇತ್ತು.

ಉತ್ತರವೇ ಬರದಿದ್ರೆ... ಆಗ ಹೆದರಿ.

ಮುಳುಗಿರುವುದು ಯಂತ್ರವೋ, ಮನುಷ್ಯನೋ? ಮೊದಲಿನ ಹಾಗೆ 'ಹೋಗು' ಅನ್ನಬಾರದೇ... ಜನ್ಮವಿಡೀ ಹಾಗೇ ಅನ್ನಲಿ, ಆದರೆ ಅನ್ನಲಿ...

ಆದರೂ ಕೆಲಸ ಬಿಡಲಿಲ್ಲ. ದೋಷ ಹುಡುಕುವಾಗ ಎಲ್ಲವನ್ನೂ ನೋಡಿ ಆದ ಮೇಲೆ ನಿಮ್ಮನ್ನೂ ನೋಡಿಕೊಳ್ಳಿ ಎಂದು ಅವನೊಮ್ಮೆ ತಮಾಷೆ ಮಾಡಿದ್ದ. ತನ್ನ ಕಂಪ್ಯೂಟರಿನಿಂದ ಹೊರಗೆ ಹೋಗುತ್ತಿರುವುದೇನೆಂದು ತೆಗೆದು ನೋಡಿದಳು.

ನೋಡಿ ಬೆಚ್ಚಿಬಿದ್ದಳು.

ಪ್ರತಿ ಬೆಳಿಗ್ಗೆ ಬಂದವಳೇ ಚುಕ್ಕೆ ನೋಡುವ ಆತುರದಲ್ಲಿ ಹೊಸ ಕಿಟಕಿ ತೆರೆಯುತ್ತಿದ್ದಳು. ಹಳೆಯದನ್ನು ಮುಚ್ಚುತ್ತಿರಲಿಲ್ಲ. ಅವೆಲ್ಲ ಒಂದರ ಹಿಂದೊಂದು ಅಡಗಿ ಕುಳಿತು, ಎಲ್ಲವೂ ಒಟ್ಟಿಗೆ, ಬಿಡದೆ ಬಡಿಯುತ್ತಿದ್ದವು: ಇದ್ದೀಯಾ? ಇದ್ದೀಯಾ? ಇದ್ದೀಯಾ? ಮಳೆಗೆ ನೂಲಿನಂತಾಗಿದ್ದ ಬೆಟ್ಟದ ಸಂಪರ್ಕವನ್ನೆಲ್ಲ ಅವಳ ಪ್ರಶ್ನೆಯೇ ತುಂಬಿಕೊಂಡಿತ್ತು. ನೀರಿನ ಅಂಕಿಗೆ ಹೊರಬರಲು ಜಾಗವಿರಲಿಲ್ಲ. ಅದಕ್ಕೇ ಅವನು ಅವಳ ಕಡೆಯ ಬಾಗಿಲು ಮುಚ್ಚಿದ್ದ. ಮುಚ್ಚಿದ ಮೇಲೆಯೇ ಮಾವನಿಗೆ ಅಂಕಿಗಳು ಜೋರಾಗಿ ಬಂದಿದ್ದು, ಸೈರನ್ ಕೂಗಿದ್ದು, ಅಕ್ಕ ಈಗ ಇಲ್ಲಿ ಕುಳಿತಿರುವುದು.

ತನ್ನ ಭಯವೇ ಅವನ ಕತ್ತು ಹಿಸುಕುತ್ತಿತ್ತು. ತಾನೋ, ಅವನಿಗೆ ಬೇಡವಾದೆ ಎಂದು ಅಳುತ್ತಿದ್ದಳು.

ಒಂದೊಂದಾಗಿ ಎಲ್ಲ ಕಿಟಕಿಗಳನ್ನೂ ಮುಚ್ಚಿದಳು. ಆಮೇಲೆ ಒಂದೇ ಒಂದು ಸಲ ಬಡಿದು, ಕೈ ಮಡಿಲಲ್ಲಿಟ್ಟುಕೊಂಡು ಕಾದಳು. ಇಲ್ಲ. ಮತ್ತಷ್ಟು ಹೊತ್ತು ಬಿಟ್ಟು ಇನ್ನೊಂದು ಸಲ. ಇಲ್ಲ. ಹಾಗೆ ಸುಮ್ಮನೆ ಕಾಯುವುದಿದೆಯಲ್ಲ, ಅದರಷ್ಟು ಭಯ ಯಾವುದರಲ್ಲೂ ಇರಲಿಲ್ಲ. ಅಕ್ಕನ ತೊಡೆಯ ಮೇಲೆ ಮಗು ನಿದ್ದೆ ಹೋಯಿತು. ಹೊರಗೆ ನದಿಯ ಮೊರೆತ ಗೋಡೆಗೆ ಒರಗಿಕೊಂಡಂತೆ ಕೇಳುತ್ತಿತ್ತು.

ಇನ್ನೊಮ್ಮೆ ಬಡಿದಳು.

ಪ್ರವೇಶವಿಲ್ಲ.

ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. "ಅಕ್ಕಾ... ಆಗೋಲ್ಲ ಅಂತು. ನನ್ನನ್ನ ಹೋಗು ಅಂತು..."

ಅಕ್ಕ ಗಾಬರಿಯಿಂದ ನೋಡಿದಳು. ಹೋಗು ಅನ್ನಿಸಿಕೊಂಡು ನಗುವವರನ್ನು ಅವಳು ಕಂಡಿರಲಿಲ್ಲ.

ಅದೇ ಹೊತ್ತಿಗೆ ಮಾವನಿಂದ ಫೋನು. ಅಂಕಿ ಮತ್ತೆ ಬಂದಿದೆ, ಅದರ ಲೆಕ್ಕದಲ್ಲಿ ನೀರು ಆ ಕೋಣೆಯ ಮಂಚದ ಎತ್ತರ ಮೀರಿರಬೇಕು ಎಂದರು. ಅವಳು ಕಣ್ಣು ಮುಚ್ಚಿ ಯೋಚಿಸಿದಳು. ಮಂಚವೂ ಯಂತ್ರದ ಕಟ್ಟೆಯೂ ಒಂದೇ ಎತ್ತರ. ಕಟ್ಟೆಯ ಮೇಲೆಯೇ ಇದ್ದಿದ್ದರೆ ಯಂತ್ರ ಈಗ ನೀರಿನಡಿ ಇರಬೇಕಿತ್ತು. ಮಾತಾಡುತ್ತಿದೆಯೆಂದರೆ... ಯಾರೋ ಅದನ್ನು ಎತ್ತಿದ್ದಾರೆ. ಎತ್ತಲು ಎರಡು ಕೈ ಬೇಕು.

ಅವಳು ಮತ್ತೆ ಬಡಿಯಲಿಲ್ಲ. ಗಡಿಯಾರ ಇಟ್ಟಿರುತ್ತಾನೆ. ಇಟ್ಟೇ ಇರುತ್ತಾನೆ. ಕಾದಳು.

ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಪ್ರಯತ್ನಿಸಿದಾಗ, ಬಾಗಿಲು ತೆರೆದಿತ್ತು.

ಒಳಗೆ ಹೋದಳು. ಆ ಯಂತ್ರದ ಮುಂದೆ ಒಬ್ಬರು ಕುಳಿತಿದ್ದಾರೆಂದು ಪರದೆ ತೋರಿಸಿತು. ಒಂದು ಸಾಲು ಬರೆದು ಕಳಿಸಿದಳು.

"ಇದ್ದೀರಾ?"

ಗೆರೆ ಮಿಟುಕಿತು... ಮಿಟುಕಿತು...

"ಇದೀನಿ. ಅಟ್ಟದ ಮೇಲೆ. ಯಂತ್ರ ಆರಿಸದೆ, ಕೇಬಲ್ ಕಿತ್ತು, ಬ್ಯಾಟರಿ ಸಮೇತ ಹೊತ್ತು ತಂದು, ಇಲ್ಲಿ ಮತ್ತೆ ಸಿಕ್ಕಿಸಿದೆ. ಮಂಚ ಹೋಯ್ತು."

"ನಿಮಗೆ ಏಟೇನಾದ್ರೂ?"

"ಇಲ್ಲ. ಚಳಿ. ಬಾಗಿಲು ಹಾಕಿದ್ದು ನಾನೇ, ಬೈಬೇಡಿ. ನಿಮ್ಮ ಕಡೆಯಿಂದ ಅಷ್ಟೊಂದು ಜನ ಒಟ್ಟಿಗೆ ಬಡೀತಿದ್ರು. ಯಾರವರೆಲ್ಲ?"

ಅವಳು ಕಣ್ಣೊರೆಸಿಕೊಂಡಳು.

"ಎಲ್ಲರೂ ನಾನೇ."

"ಏನು ಬೇಕಿತ್ತು?"

"ನೀವಿದೀರಾ ಅಂತ ಗೊತ್ತಾಗ್ಬೇಕಿತ್ತು. ಅಷ್ಟೇ."

ಅವನು ಎದುರಿಗಿದ್ದಿದ್ದರೆ ಅವಳು ಎಂದೂ ಕೇಳುತ್ತಿರಲಿಲ್ಲ. ಆದರೆ ಈ ದಿನ ಅವಳ ಭಯವೆಲ್ಲ ಖರ್ಚಾಗಿಹೋಗಿತ್ತು. ಬರೆದಳು.

"ಮದುವೆ ವಿಷಯ ಹೇಳಿದಾಗ ಒಳ್ಳೇದಾಗ್ಲಿ ಅಂದ್ರಲ್ಲ. ಆ ಬಾಗಿಲಿಗೂ ಗಡಿಯಾರ ಇಟ್ಟಿದ್ರಾ?"

"ಇಲ್ಲ. ನೀರಿನ ಪಕ್ಕ ಒಂಟಿ ಕೋಣೆಯಲ್ಲಿ ಇರೋನು, ಯಾವ ಮುಖ ಇಟ್ಕೊಂಡು ಬೇಡ ಅನ್ಲಿ ಅಂತ ಹಾಗಂದೆ. ಆವತ್ತಿಂದ ಹೊರಗೇ ನಿಂತಿದೀನಿ."

"ಅವರಿಗೆ ಆಗೋಲ್ಲ ಅಂದು ಬಹಳ ದಿನ ಆಯ್ತು. ನಿಮಗೆ ಹೇಳಿರ್ಲಿಲ್ಲ, ಅಷ್ಟೇ. ಇಳಿದು ಬನ್ನಿ."

ಉತ್ತರ ಬರುವಷ್ಟರಲ್ಲಿ ಅವಳ ಹೆಗಲ ಮೇಲಿಂದ ಓದುತ್ತಿದ್ದ ಅಕ್ಕ ಮೂಗು ಒರೆಸಿಕೊಂಡಳು.

"ದೋಣಿ ಕಾಣ್ತಿದೆ," ಎಂದು ಬಂತು. "ಕೇಬಲ್ ಕೀಳ್ತೀನಿ. ಉತ್ತರ ಬರೋಲ್ಲ. ಹೆದರ್ಬೇಡಿ."

ಹೆದರದೆ ಇರಲಾಗಲಿಲ್ಲ. ಆದರೆ ಬಡಿಯಲಿಲ್ಲ.

*

ದೀಪ ಹಚ್ಚುವ ಹೊತ್ತಿಗೆ ಕಂಟ್ರೋಲ್ ರೂಮಿನ ಬಾಗಿಲಲ್ಲಿ ಅವನು ನಿಂತಿದ್ದ. ಮೊಣಕಾಲಿನವರೆಗೆ ಅಲ್ಲ, ಈ ಸಲ ಕತ್ತಿನವರೆಗೆ ಕೆಸರು. ಒಳಗೆ ಬರಲೋ ಬೇಡವೋ ಎಂಬಂತೆ ಹೊಸ್ತಿಲಲ್ಲೇ ತಡೆದ. ಅಕ್ಕ ಮಗುವನ್ನೆತ್ತಿಕೊಂಡು, ಏನೋ ನೆಪ ಹೇಳಿ, ಅವನ ಪಕ್ಕದಿಂದ ಹೊರಗೆ ಜಾರಿದಳು.

ಅವಳು ಎದ್ದು ಹೋಗಿ ಅವನ ಮಣಿಕಟ್ಟು ಹಿಡಿದಳು. ಅದು ಮಂಜಿನಂತೆ ತಣ್ಣಗಿತ್ತು. ಅದರೊಳಗೆ ನಾಡಿ ಹೊಡೆದುಕೊಳ್ಳುತ್ತಿತ್ತು. ಒಮ್ಮೆ, ಇನ್ನೊಮ್ಮೆ, ಮತ್ತೊಮ್ಮೆ... ಕೇಳದೆಯೇ ಬರುವ ಉತ್ತರ.

"ಯಾರಾದ್ರೂ ನೋಡ್ತಾರೆ," ಎಂದ ಅವನು ಮೆಲ್ಲಗೆ. "ಯಾವಾಗ ಬಿಡ್ತೀರಿ?"

ಅವಳು ಹಿಡಿತ ಇನ್ನಷ್ಟು ಬಿಗಿ ಮಾಡಿದಳು.

"ಇದಕ್ಕೆ ಗಡಿಯಾರ ಇಟ್ಟಿಲ್ಲ."